ಬೂಂದಿಗೆ ಹಾಕಿದ್ದು ಯಾರು

ಹಿರಿಯೂರಿನ ಹುಳಿಯಾರು ರಸ್ತೆಯ ಆ ಮನೆಯಲ್ಲಿ ಬೆಳಿಗ್ಗೆ ಮೊದಲು ಬೇಯುತ್ತಿದ್ದದ್ದು ಮೊಟ್ಟೆ, ಅದೂ ನಾಯಿಗೆ. ಮನುಷ್ಯರ ಉಪ್ಪಿಟ್ಟು ಆಮೇಲೆ. ಈ ಕ್ರಮ ಮಾಡಿದವಳು ಸೊಸೆ ಕಾವ್ಯಶ್ರೀ, ಒಪ್ಪದವಳು ಅತ್ತೆ ಗಂಗಕ್ಕ. ಒಪ್ಪದಿದ್ದರೂ ಮೊಟ್ಟೆ ಬೇಯಿಸಿ, ಸುಲಿದು, ಚೂರು ಮಾಡಿ ತಟ್ಟೆಗೆ ಹಾಕುತ್ತಿದ್ದವಳು ಗಂಗಕ್ಕನೇ. ಬೈಯುತ್ತಾ ಮಾಡಿದ ಕೆಲಸವೂ ಕೆಲಸವೇ ಎಂದು ಆ ಮನೆಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

"ನಾವು ಕುರಿ ಕಾಯುವಾಗ ನಾಲ್ಕು ನಾಯಿ ಇದ್ವಮ್ಮ. ಒಂದಕ್ಕಾದ್ರೂ ಮೊಟ್ಟೆ ಸುಲಿದು ಕೊಟ್ಟಿದ್ದು ನೆನಪಿಲ್ಲ."

"ಇದು ಕುರಿ ಕಾಯೋ ನಾಯಿ ಅಲ್ಲ ಅತ್ತೆ."

"ಅವು ತೋಳ ಓಡಿಸ್ತಿದ್ವು. ಇದು ಜಿರಳೆ ಕಂಡ್ರೆ ಮಂಚದ ಕೆಳಗೆ ಹೋಗ್ತೈತೆ."

"ಇದಕ್ಕೂ ಅದರದೇ ಕೆಲಸ ಇದೆ," ಎಂದು ಕಾವ್ಯಶ್ರೀ ನಾಯಿಯನ್ನು ಎತ್ತಿಕೊಂಡು ಮುಂದಿನ ಕೋಣೆಗೆ ಹೋಗುತ್ತಿದ್ದಳು.

ಕೆಲಸ ಇದ್ದದ್ದು ನಿಜ. ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಕಾವ್ಯಶ್ರೀಯ ಫಿಸಿಯೋಥೆರಪಿ ಕ್ಲಿನಿಕ್ಕು. ಸುತ್ತಲ ಹಳ್ಳಿಯವರ ಬಾಯಲ್ಲಿ ಅದು 'ಕರೆಂಟ್ ಕೊಡೋ ಆಸ್ಪತ್ರೆ'. ಮಂಡಿ ಹಿಡಿದವರು, ಸೊಂಟ ಹಿಡಿದವರು, ಲಕ್ವ ಹೊಡೆದು ಕೈ ಬಿದ್ದವರು ಬರುತ್ತಿದ್ದರು. ಮೈಗೆ ವೈರು ಅಂಟಿಸಿ ಮೆಷಿನ್ ಒತ್ತಿದ ಕೂಡಲೇ ಚುರುಚುರು ಅನ್ನುತ್ತದೆ, ಅರ್ಧ ಜನ ಅಲ್ಲೇ ದೇವರನ್ನು ಕೂಗುತ್ತಿದ್ದರು. ಆಗ ಬೂಂದಿ ಮೆಲ್ಲಗೆ ಬಂದು ಅವರ ತೊಡೆಯ ಮೇಲೆ ತಲೆ ಇಡುತ್ತಿತ್ತು. ಮೊಣಕಾಲೆತ್ತರವೂ ಇಲ್ಲದ ನಾಯಿ, ಕಣ್ಣು ಮುಚ್ಚುವಷ್ಟು ಕೂದಲು, ಆ ಕೂದಲಿಗೆ ಮೊಮ್ಮಗಳು ಬೃಂದಾ ಕಟ್ಟಿದ ಕೆಂಪು ರಬ್ಬರ್ ಬ್ಯಾಂಡು. ಅದರ ಬೆನ್ನು ಸವರುತ್ತಾ ಕುಳಿತವರಿಗೆ ಕರೆಂಟು ಯಾವಾಗ ನಿಂತಿತೋ ತಿಳಿಯುತ್ತಿರಲಿಲ್ಲ. "ಡಾಕ್ಟ್ರಮ್ಮ ಇಲ್ದಿದ್ರೂ ನಡೀತೈತೆ, ನಾಯಿ ಇರ್ಬೇಕು," ಎಂದು ಮುದುಕರು ಹೇಳುತ್ತಿದ್ದರು. ಕಾವ್ಯಶ್ರೀ ಮೊದಮೊದಲು ನಗುತ್ತಿದ್ದಳು. ಆಮೇಲಾಮೇಲೆ ಅಷ್ಟು ನಗುತ್ತಿರಲಿಲ್ಲ.

ಗಂಗಕ್ಕನ ಗಂಡ ಮುದ್ದಣ್ಣನೂ ಅಲ್ಲಿ ಒಬ್ಬ ರೋಗಿ. ಜವನಗೊಂಡನಹಳ್ಳಿ ಕಡೆಯ ಬಯಲಲ್ಲಿ ಆಯಸ್ಸೆಲ್ಲ ಕುರಿ ಹಿಂದೆ ನಡೆದು ಎರಡೂ ಮಂಡಿ ಸವೆಸಿಕೊಂಡವನು. ಕುರಿ ಮಾರಿ ಮಗನ ಮನೆ ಸೇರಿದ ಮೇಲೆ ಕ್ಲಿನಿಕ್ಕಿನ ಮೂಲೆಯ ಪ್ಲಾಸ್ಟಿಕ್ ಕುರ್ಚಿಯೇ ಅವನ ಬಯಲು. ಬಂದವರನ್ನು "ಬರ್ರಿ, ಕುಂತ್ಕಳ್ರಿ" ಎಂದು ಕೂರಿಸುತ್ತಿದ್ದ. ಅಲ್ಲಿ ಅಷ್ಟು ಮಾತಾಡುವ ಮನುಷ್ಯ ಮನೆಯೊಳಗೆ ಬಂದರೆ ಬಾಯಿಗೆ ಬೀಗ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರಲ್ಲ, ಆ ಲೆಕ್ಕದಲ್ಲಿ ಗಂಗಕ್ಕನ ಮನೆ ತುಂಬ ಬಂಗಾರವೇ ಇತ್ತು.

ಆಷಾಢದ ಗಾಳಿ ಶುರುವಾದ ವಾರದಲ್ಲಿ ಬೂಂದಿ ಮೊಟ್ಟೆ ಮುಟ್ಟಲಿಲ್ಲ. ಮಧ್ಯಾಹ್ನ ನಡುಮನೆಯ ಚಾಪೆಯ ಮೇಲೆ ವಾಂತಿ ಮಾಡಿತು. ಸಂಜೆಗೆ ಕರ್ರಗೆ, ಡಾಂಬರಿನಂತೆ ಕಕ್ಕಸು ಮಾಡಿತು. ಗಂಗಕ್ಕ ಬೂದಿ ಹಾಕಿ ಬಳಿದಳು, ಫಿನಾಯಿಲ್ ಹಾಕಿ ಒರೆಸಿದಳು, ಬಾಯಿ ತುಂಬ ಬೈದಳು. "ತಿನ್ನೋದು ಮೊಟ್ಟೆ, ಮಾಡೋದು ಇದು!" ಆ ಮಾತನ್ನು ಬೈಯುವುದಕ್ಕೆ ಮಾತ್ರ ಆಡಿದ್ದು. ಆದರೆ ಮನೆಯಲ್ಲಿ ಆಡಿದ ಮಾತು ಯಾವಾಗ ಸಾಕ್ಷಿಯಾಗುತ್ತದೋ ಯಾರಿಗೆ ಗೊತ್ತು.

ಮಗ ಯೋಗೇಶ್ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಬೇಗ ಮುಚ್ಚಿ ಬಂದ. ಗಂಡ ಹೆಂಡತಿ ನಾಯಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಚಿತ್ರದುರ್ಗದ ಪಶುವೈದ್ಯರ ಬಳಿಗೆ ಹೋದರು. ಬರುವಾಗ ರಾತ್ರಿ ಊಟದ ಹೊತ್ತು. ಕಾವ್ಯಶ್ರೀ ಚಪ್ಪಲಿ ಬಿಟ್ಟವಳೇ ಕೇಳಿದಳು.

"ಅತ್ತೆ, ಮನೇಲಿ ಇಲಿ ಪಾಷಾಣ ಇದೆಯಾ?"

"ಐತೆ. ರಾಗಿ ಚೀಲ ತೂತು ಮಾಡಿದ್ವಲ್ಲ, ಹೋದ ವಾರ ತರ್ಸಿದ್ದೆ."

"ಎಲ್ಲಿಟ್ಟಿದ್ದೀರಿ?"

"ಉಗ್ರಾಣದಾಗೆ. ಚೀಲದ ಹಿಂದೆ ಒಂದು ಬಿಲ್ಲೆ ಇಟ್ಟೀನಿ. ಯಾಕೆ?"

ಕಾವ್ಯಶ್ರೀ ಮೊಬೈಲ್ ಬೆಳಕು ಹಚ್ಚಿಕೊಂಡು ಉಗ್ರಾಣಕ್ಕೆ ಹೋದಳು. ಪೊಟ್ಟಣ ಒಡೆದಿತ್ತು. ಚೀಲದ ಹಿಂದೆ ಬಿಲ್ಲೆ ಇರಲಿಲ್ಲ.

"ಇಲ್ಲಿಲ್ಲವಲ್ಲ ಅತ್ತೆ?"

"ಇಲಿ ಹೊತ್ಕಂಡು ಹೋಗ್ಲಿ ಅಂತ್ಲೇ ಅಲ್ವೇನಮ್ಮ ಇಡೋದು? ಇಲ್ಲೇ ಕುಂತು ತಿನ್ನು ಅಂತ ಎಲೆ ಹಾಕ್ಬೇಕಿತ್ತಾ?"

ಯೋಗೇಶ್ ನಡುವೆ ಬಂದ. "ಅವ್ವ, ಡಾಕ್ಟ್ರು ಹೇಳ್ಯಾರೆ, ಹೊಟ್ಟೆಯಾಗೆ ರಕ್ತ ಹೋಗೈತೆ, ಏನೋ ಆಗಬಾರದ್ದು ತಿಂದೈತೆ ಅಂತ. ಇಲಿ ಪಾಷಾಣ ಇರ್ಬೋದು, ಬ್ಯಾರೆ ಏನಾದ್ರೂ ಇರ್ಬೋದು ಅಂದ್ರು. ಅದಕ್ಕೆ ಕೇಳಿದ್ಲು, ಅಷ್ಟೇ."

ಅಷ್ಟೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು! ಮರುದಿನ ಬೆಳಿಗ್ಗೆ ಒಲೆಯ ಮೇಲೆ ಸೊಸೆಯೇ ನಾಯಿಗೆ ಅನ್ನ ಬೇಯಿಸುತ್ತಿದ್ದಳು. ಹೊಸ ಪಾತ್ರೆ, ಹೊಸ ಸೌಟು. ಬೆಂದ ಅನ್ನವನ್ನು ಸ್ಟೀಲ್ ಡಬ್ಬಿಗೆ ತುಂಬಿ, ಮುಚ್ಚಳ ಬಿಗಿದು, ಗಂಗಕ್ಕನ ಕೈಗೆ ನಿಲುಕದ ಹಾಗೆ ಫ್ರಿಜ್ಜಿನ ತಲೆಯ ಮೇಲೆ ಇಟ್ಟಳು. ಗಂಗಕ್ಕ ಕೊತ್ತಂಬರಿ ಸೋಸುತ್ತಾ ಎಲ್ಲವನ್ನೂ ನೋಡಿದಳು.

ಸಂಜೆ ಶಾಲೆಯಿಂದ ಬಂದ ಬೃಂದಾ ಮುದ್ದೆ ಕಟ್ಟುತ್ತಿದ್ದ ಅಜ್ಜಿಯ ಬಳಿ ಬಂದು ಕುಕ್ಕರುಗಾಲಲ್ಲಿ ಕುಳಿತಳು.

"ಅಜ್ಜಿ, ನೀನು ಬೂಂದಿಗೆ ಏನು ಹಾಕ್ದೆ?"

"ನಾನೇನು ಹಾಕ್ಲಿ ತಾಯಿ? ಮೊಟ್ಟೆ ಹಾಕ್ದೆ."

"ಬೇರೆ ಏನಾದ್ರೂ ಹಾಕಿದ್ರೆ ನನ್ ಹತ್ರ ಮಾತ್ರ ಹೇಳು. ಅಮ್ಮಂಗೆ ಹೇಳಲ್ಲ."

ಗಂಗಕ್ಕನ ಕೈಯಲ್ಲಿ ಮುದ್ದೆ ಸುಡುತ್ತಿತ್ತು, ಆದರೂ ಆಕೆ ಹಾಗೇ ಹಿಡಿದುಕೊಂಡಿದ್ದಳು. ದೊಡ್ಡವರು ಹೇಳಿದ್ದರೆ ಜಗಳ ಆಡಬಹುದಿತ್ತು. ಈ ಮಗುವಿನ ಜೊತೆ ಏನು ಆಡುವುದು? ಅವತ್ತು ಅವಳಿಗೆ ತುಂಬಾ ದುಃಖವಾಯಿತು, ಊಟ ಸೇರಲಿಲ್ಲ.

ಮಲಗುವ ಹೊತ್ತಿಗೆ ಗಂಡನ ಮುಂದೆ ಹೇಳಿಕೊಂಡಳು. "ನೋಡಿದ್ಯಾ, ಕೂಸಿನ ಬಾಯಾಗೆ ಎಂಥ ಮಾತು! ಯಾರೋ ಹಾಕ್ಯಾರೆ ಕಣಯ್ಯ ಅದಕ್ಕೆ. ಯಾರು ಅಂತ ಹುಡುಕ್ದೆ ನಾನು ಬಿಡಲ್ಲ."

ಮುದ್ದಣ್ಣ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದ. "ಯಾರ ಮ್ಯಾಲೂ ಅನುಮಾನ ಬ್ಯಾಡ ಬಿಡು. ಅನುಮಾನ ಪೆದ್ದ ರೋಗ," ಎಂದು ಗೋಡೆಯ ಕಡೆ ಹೊರಳಿದ.

ಆದರೆ ಅನುಮಾನ ಬೇಡ ಎಂದರೆ ಬಿಟ್ಟು ಹೋಗುವ ಅತಿಥಿಯೇ? ಗಂಗಕ್ಕ ಒಬ್ಬೊಬ್ಬರನ್ನೇ ಜರಡಿ ಹಿಡಿದಳು. ಮೊದಲು ಸಿಕ್ಕವಳು ಖಾತುನ್ ಬೀ. ಪೇಟೆಯಲ್ಲಿ ತಲೆಮಾರುಗಳಿಂದ ಪಾತ್ರೆಗೆ ಕಲಾಯಿ ಹಾಕುತ್ತಿದ್ದ ಮನೆತನದ ಹೆಂಗಸು, ಹಿಡಿದುಕೊಂಡ ಭುಜಕ್ಕೆ ಕರೆಂಟ್ ಕೊಡಿಸಿಕೊಳ್ಳಲು ಬರುತ್ತಿದ್ದಳು. ನಾಯಿ ಹತ್ತಿರ ಬಂದರೆ ಸಾಕು, ಬುರ್ಖಾ ಮೇಲೆತ್ತಿಕೊಂಡು, ಕಾಲು ಕುರ್ಚಿಯ ಮೇಲೆ ಎಳೆದುಕೊಂಡು "ಅಮ್ಮಾ, ಡಾಕ್ಟ್ರಮ್ಮಾ, ಹಿಡ್ಕಳ್ರಿ ಇದನ್ನ" ಎನ್ನುತ್ತಿದ್ದಳು. ಇಷ್ಟು ಹೇಸುವವಳು ಏನಾದರೂ ಹಾಕಿರಬಹುದಲ್ಲ? ಆಮೇಲೆ ಎದುರು ಮನೆಯ ರಾಜಕುಮಾರ್, ಬೂಂದಿ ಅವನ ಬೈಕಿನ ಚಕ್ರಕ್ಕೆ ಉಚ್ಚೆ ಹೊಯ್ಯುತ್ತಿತ್ತು. ಸೊಸೆಯನ್ನೂ ಬಿಡಲಿಲ್ಲ. ಯಾವುದೋ ಔಷಧಿ ಹೆಚ್ಚು ಕಡಿಮೆ ಮಾಡಿ ಈಗ ತನ್ನ ತಲೆಗೆ ಕಟ್ಟುತ್ತಿದ್ದಾಳೋ ಏನೋ. ಗಂಡನೊಬ್ಬನನ್ನು ಮಾತ್ರ ಜರಡಿಗೆ ಹಾಕಲಿಲ್ಲ. ಮನೆಯ ಕಂಬದ ಮೇಲೆ ಯಾರಾದರೂ ಅನುಮಾನ ಪಡುತ್ತಾರೆಯೇ?

ಹತ್ತು ದಿನ ಬೂಂದಿ ಮಲಗುವ ಕೋಣೆಯಲ್ಲಿ ಹೊದ್ದು ಮಲಗಿತು. ಅನ್ನ, ಮೊಸರು, ಸಿರಪ್ಪು ಎಲ್ಲ ಸೊಸೆಯ ಕೈಯಿಂದಲೇ. ಅತ್ತೆ ಆ ಬಾಗಿಲ ಮುಂದೆ ಕಸ ಗುಡಿಸಲು ನಿಂತರೂ ಒಳಗಿಂದ "ಯಾರದು?" ಎಂಬ ಪ್ರಶ್ನೆ ಬರುತ್ತಿತ್ತು. ನಾಯಿ ಚೇತರಿಸಿಕೊಂಡಿತು. ಆಗ ಕಾವ್ಯಶ್ರೀ ಒಂದು ತೀರ್ಮಾನ ಮಾಡಿದಳು. ಬೂಂದಿ ಇನ್ನು ಮೇಲೆ ಹಗಲೆಲ್ಲ ಕ್ಲಿನಿಕ್ಕಿನಲ್ಲೇ ಇರುತ್ತದೆ, ತನ್ನ ಕಣ್ಣೆದುರು. ಅಡುಗೆಮನೆ ಕಡೆ ಬಿಡುವುದಿಲ್ಲ. ಕ್ಲಿನಿಕ್ಕಿನ ಗೋಡೆಯ ಮೇಲೆ 'ನಾಯಿಗೆ ಏನನ್ನೂ ತಿನ್ನಿಸಬೇಡಿ' ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿಯೂ ಇದ್ದಳು. ಹಿಂದೆ ಯಾರಾದರೂ ಬಿಸ್ಕತ್ತು ಕೊಟ್ಟರೆ ಪರದೆ ಸರಿಸಿ ಬಂದು ಗದರುತ್ತಿದ್ದಳು. ಅಲ್ಲಿಗಿಂತ ಭದ್ರವಾದ ಜಾಗ ಯಾವುದಿದೆ?

ಬೂಂದಿ ಮತ್ತೆ ಬಂದದ್ದು ಕಂಡು ಮುದುಕರಿಗೆ ಸಂಭ್ರಮವೋ ಸಂಭ್ರಮ. ಒಬ್ಬಳು ದೃಷ್ಟಿ ತೆಗೆದಳು. ವಾರ ಕಳೆದಿರಲಿಲ್ಲ, ನಾಯಿ ಮತ್ತೆ ವಾಂತಿ ಮಾಡಿತು. ಈ ಸಲ ಅದರಲ್ಲೇ ರಕ್ತ ಕಂಡಿತು, ನಿಲ್ಲಲು ಹೋದರೆ ಹಿಂಗಾಲು ಕುಸಿಯುತ್ತಿದ್ದವು. ಚಿತ್ರದುರ್ಗದಲ್ಲಿ ಎರಡು ದಿನ ಡ್ರಿಪ್ ಹಾಕಿದರು. ಇನ್ನೊಂದು ಸಲ ಹೀಗಾದರೆ ಉಳಿಯುವುದಿಲ್ಲ ಎಂದು ಹೇಳಿ ಕಳಿಸಿದರು.

ಆ ಭಾನುವಾರದ ಊಟ ಯಾರಿಗೂ ಮರೆಯುವಂಥದ್ದಲ್ಲ. ಹುರುಳಿಕಾಳು ಸಾರು, ಮುದ್ದೆ. ಯಾರೂ ಎರಡನೇ ಸಲ ಕೇಳಲಿಲ್ಲ.

"ನಾನೊಂದು ಮಾತು ಹೇಳ್ತೀನಿ," ಎಂದಳು ಗಂಗಕ್ಕ. "ಹತ್ತು ದಿನ ಅದು ಮನೆಯಾಗಿತ್ತು, ನಾನೂ ಮನೆಯಾಗಿದ್ದೆ. ಏನೂ ಆಗ್ಲಿಲ್ಲ. ಕ್ಲಿನಿಕ್ಕಿಗೆ ಹೋತು, ವಾರಕ್ಕೆ ಬಿತ್ತು. ಹಾಕೋರು ಅಲ್ಲಿ ಅವ್ರೆ."

"ಆ ಹತ್ತು ದಿನ ಊಟ ನಾನು ಹಾಕ್ತಿದ್ದೆ ಅತ್ತೆ. ಅದಕ್ಕೇ ಏನೂ ಆಗಲಿಲ್ಲ."

"ಹಂಗಂದ್ರೆ ಏನರ್ಥ?"

"ನಾನೇನೂ ಹೇಳಲಿಲ್ಲ."

"ಹೇಳು, ಹೇಳಿಬಿಡು. ಡಬ್ಬಿ ಮ್ಯಾಲಿಟ್ಟಾಗ್ಲೇ ಹೇಳೀಯ. ಇನ್ನು ಬಾಯಾಗೊಂದು ಹೇಳೋದು ಬಾಕಿ."

"ನೀವು ಆ ನಾಯಿಯನ್ನ ಒಂದು ದಿನ ಆದ್ರೂ ಪ್ರೀತಿಯಿಂದ ಮಾತಾಡಿಸಿದ್ದೀರಾ? ಬೆಳಿಗ್ಗೆಯಿಂದ ಸಂಜೆ ತನಕ ಅದಕ್ಕೆ ಶಾಪ. ಈಗ ನನ್ನ ಪೇಷೆಂಟುಗಳ ಮೇಲೆ ಹಾಕ್ತಿದ್ದೀರಿ. ಅವರು ಅದನ್ನ ಮಗು ಥರ ನೋಡ್ಕೊಳ್ತಾರೆ!"

"ಬೈದೋರೆಲ್ಲಾ ವಿಷ ಹಾಕಂಗಿದ್ರೆ, ಈ ಮನೆಯಾಗೆ ನಿಮ್ಮಾವ ಎಂದೋ ಸಾಯ್ಬೇಕಿತ್ತು!"

ಬೃಂದಾ ತಟ್ಟೆ ಬಿಟ್ಟು ಅಳುತ್ತಾ ಎದ್ದು ಹೋದಳು. ಯೋಗೇಶ್ ತಟ್ಟೆಯಲ್ಲೇ ಕೈ ತೊಳೆದುಕೊಂಡ. ಅವನು ಹಾಗೆ ತಟ್ಟೆಯಲ್ಲಿ ಕೈ ತೊಳೆದರೆ ಏನೋ ಕೆಟ್ಟದ್ದು ಹೇಳಲಿದ್ದಾನೆ ಎಂದೇ ಲೆಕ್ಕ.

"ಅವ್ವ, ಒಂದು ನಾಲ್ಕು ದಿನ ಹೊಸದುರ್ಗಕ್ಕೆ ಹೋಗಿದ್ದು ಬಾ. ಮಾವನ ಮನ್ಯಾಗೆ. ನಿಂಗೂ ಬದ್ಲಾವಣೆ ಆಗ್ತೈತೆ."

"ನಾಲ್ಕು ದಿನನಾ, ನಾಲ್ಕು ವರ್ಷನಾ?"

"ಹಂಗಲ್ಲವ್ವ. ಇಲ್ಲಿ ಎಲ್ಲಾ ತಣ್ಣಗಾಗ್ಲಿ ಅಂತ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಗಂಗಕ್ಕ ಗಂಡನ ಮುಖ ನೋಡಿದಳು. ಈ ಮನುಷ್ಯ ಈಗಲಾದರೂ ಒಂದು ಮಾತು ಆಡುತ್ತಾನೆ, 'ಏನಪ್ಪ ಯೋಗೇಶ, ನಿಮ್ಮವ್ವ ಅಂಥೋಳಲ್ಲ' ಎನ್ನುತ್ತಾನೆ ಎಂದು ಕಾದಳು. ಮುದ್ದಣ್ಣ ಕಡೆಯ ತುತ್ತು ನುಂಗಿ, ನೀರು ಕುಡಿದು, ಹೇಳಿದ.

"ಬೆಳಿಗ್ಗೆ ಬಸ್ಸೈತೆ. ಗುರುವಾರ ಹೋಗಂಗಿದ್ರೆ ನಾನೇ ಬಸ್‌ಸ್ಟ್ಯಾಂಡಿಗೆ ಬರ್ತೀನಿ. ಬ್ಯಾಗು ನಾನೇ ಹಿಡ್ಕಂತೀನಿ."

ಗುರುವಾರ ಎಂದು ಗಟ್ಟಿಯಾಯಿತು. ಗಂಗಕ್ಕನಿಗೆ ಹೊಸದುರ್ಗ ದೂರವಲ್ಲ, ಅಣ್ಣನ ಮನೆಯವರು ಕೆಟ್ಟವರೂ ಅಲ್ಲ. ಆದರೆ ನಾಯಿಗೆ ವಿಷ ಹಾಕಿ ಬಂದವಳು ಎಂಬ ಹೆಸರು ಹೊತ್ತು ತವರಿನ ಹೊಸ್ತಿಲು ದಾಟುವುದಿದೆಯಲ್ಲ, ಅದು ಅವಳಿಗೆ ಆಗದ ಮಾತು. ಅಲ್ಲಿ ಯಾರೂ ಕೇಳದಿದ್ದರೂ ಅತ್ತಿಗೆ ಹಾಲಿನ ಪಾತ್ರೆ ಮುಚ್ಚಿಡುತ್ತಾಳೆ. ಮೇಲಾಗಿ ಬೃಂದಾ ಅದನ್ನೇ ನಂಬಿಕೊಂಡು ದೊಡ್ಡವಳಾಗುತ್ತಾಳೆ. ಹೋಗುವುದರೊಳಗೆ ಹಾಕಿದವರು ಯಾರೆಂದು ಕಂಡುಹಿಡಿಯಲೇಬೇಕು.

ಸೋಮವಾರ ಅಡುಗೆ ಮುಗಿಸಿ ಗಂಗಕ್ಕ ಕ್ಲಿನಿಕ್ಕಿನ ಬೆಂಚಿನ ಮೇಲೆ ಹೋಗಿ ಕುಳಿತಳು. ಬೂಂದಿ ಮೇಜಿನ ಕೆಳಗೆ ಬುಟ್ಟಿಯಲ್ಲಿ ಬಳಲಿ ಮಲಗಿತ್ತು. ಬೆಳಗಿನ ಬಸ್ಸಿಗೆ ಬರುವ ಹಳ್ಳಿಯವರು ಬೆಂಚಿನ ಮೇಲೆ ಬುತ್ತಿ ಬಿಚ್ಚಿ ರೊಟ್ಟಿ ತಿಂದು, ಗುಳಿಗೆ ನುಂಗಿ, ಆಮೇಲೆ ಕರೆಂಟಿಗೆ ಹೋಗುತ್ತಿದ್ದರು. ಗಂಗಕ್ಕ ಒಬ್ಬೊಬ್ಬರ ಕೈಯನ್ನೂ ನೋಡಿದಳು. ಮಂಗಳವಾರವೂ ನೋಡಿದಳು. ಯಾರೂ ನಾಯಿಯ ಕಡೆ ಕೈ ಚಾಚಲಿಲ್ಲ. ಅವಳು ಕುಳಿತಷ್ಟು ಹೊತ್ತು ಎಲ್ಲರೂ ಗೋಡೆ ನೋಡುತ್ತಾ ತಿನ್ನುತ್ತಿದ್ದರು. ಮುದ್ದಣ್ಣನಂತೂ ಆ ಎರಡು ದಿನ ಮೂಲೆಯ ಕುರ್ಚಿಗೆ ಬರಲೇ ಇಲ್ಲ, ಮಂಡಿ ಜಾಸ್ತಿಯಾಗಿದೆ ಎಂದು ಒಳಗೇ ಮಲಗಿದ.

ಬುಧವಾರ ಖಾತುನ್ ಬೀ ಬಂದಳು. ಬುಟ್ಟಿಯಲ್ಲಿದ್ದ ನಾಯಿಯನ್ನು ಓರೆಗಣ್ಣಲ್ಲಿ ನೋಡಿ, ಅದರಿಂದ ಅತಿ ದೂರದ ಕುರ್ಚಿ ಹಿಡಿದಳು. ಗಂಗಕ್ಕ ಎದ್ದು ಹೋಗಿ ಪಕ್ಕದಲ್ಲೇ ಕುಳಿತಳು.

"ಏನು ಖಾತುನಮ್ಮ, ನಾಯಿ ಸಾಯೋ ಹಂಗಾಗೈತೆ. ನಿಂಗೆ ಸಮಾಧಾನಾತಾ?"

ಖಾತುನ್ ಬೀ ತಿರುಗಿ ನೋಡಿದಳು. "ಏನಂದೆ ಗಂಗಕ್ಕ?"

"ನಿಂಗೆ ಕಂಡ್ರಾಗಲ್ವಲ್ಲ ಅದು."

"ಮೈಗೆ ತಾಗಬಾರದು ಅಂತೀನಿ ತಾಯಿ, ಸಾಯಬೇಕು ಅಂದಿಲ್ಲ. ಅದರ ಜೊಲ್ಲು ಬಿದ್ರೆ ನಮಾಜಿಗೆ ಮುಂಚೆ ಬಟ್ಟೆ ಬದಲಾಯಿಸಬೇಕು, ಈ ಭುಜ ಇಟ್ಕಂಡು ಬಟ್ಟೆ ಬದಲಾಯಿಸೋದು ಎಷ್ಟು ಕಷ್ಟ ನಿಂಗೇನು ಗೊತ್ತು? ಅದಕ್ಕೇ ಅದು ಎಲ್ಲಿ ಹೋಗ್ತೈತೆ, ಯಾರ ಹತ್ರ ನಿಲ್ತೈತೆ ಅಂತ ನೋಡ್ತಾನೇ ಕುಂತಿರ್ತೀನಿ. ಪ್ರೀತಿ ಮಾಡೋರಿಗಿಂತ ಹೆಚ್ಚು ನೋಡೀನಿ ಅದನ್ನ."

ಗಂಗಕ್ಕ ಇನ್ನೂ ಹತ್ತಿರ ಸರಿದಳು. "ಹಂಗಾದ್ರೆ ಹೇಳು. ಯಾರು ಹಾಕಿದ್ರು?"

ಖಾತುನ್ ಬೀ ದನಿ ತಗ್ಗಿಸಿದಳು. "ವಿಷ ಯಾರೂ ಹಾಕಿಲ್ಲ. ಗುಳಿಗೆ ಕೊಡ್ತಾರೆ. ಒಬ್ಬರಲ್ಲ, ಮೂರ್ನಾಲ್ಕು ಜನ. ತಾವು ನುಂಗೋ ಗುಳಿಗೆ ಮುರಿದು, ಅರ್ಧ ಬೆಲ್ಲದಾಗಿಟ್ಟು, ಡಾಕ್ಟ್ರಮ್ಮ ಪರದೆ ಹಿಂದೆ ಹೋದ ಕೂಡ್ಲೇ ಕೊಡ್ತಾರೆ. ಡಾಕ್ಟ್ರಮ್ಮನೇ ಕೊಡಿಸ್ತಿರೋ ಔಷಧಿ ಅಂತ ನಾನು ಅಂದ್ಕಂಡಿದ್ದೆ."

"ಗುಳಿಗೆ? ನಾಯಿಗೆ ಯಾಕೆ ಗುಳಿಗೆ? ಯಾರು ಕಲಿಸಿದ್ರು ಅವರಿಗೆ?"

"ಅದನ್ನ ನನ್ನ ಬಾಯಾಗೆ ಹೇಳಿಸಬ್ಯಾಡ ಗಂಗಕ್ಕ. ನಿಮ್ಮ ಮನೆ ಜಗಲಿ ಮ್ಯಾಲೆ ಕುಂತೀನಿ ನಾನು," ಎಂದು ಖಾತುನ್ ಬೀ ಬುರ್ಖಾ ಸರಿಮಾಡಿಕೊಂಡು ತಲೆ ತಗ್ಗಿಸಿದಳು. ತಗ್ಗಿಸುವ ಮುಂಚೆ ಅವಳ ಕಣ್ಣು ಮೂಲೆಯ ಖಾಲಿ ಪ್ಲಾಸ್ಟಿಕ್ ಕುರ್ಚಿಯ ಕಡೆ ಹೋಗಿ ಬಂದದ್ದನ್ನು ಗಂಗಕ್ಕ ನೋಡಿದಳು. ನೋಡಿಯೂ ನಂಬಲಿಲ್ಲ.

ಎದುರಿನ ಬೆಂಚಿನಲ್ಲಿ ತಿಮ್ಮರಾಯಪ್ಪ ರೊಟ್ಟಿಯ ಗಂಟು ಕಟ್ಟುತ್ತಿದ್ದ. ಮುದ್ದಣ್ಣನ ಜೊತೆ ಕುರಿ ಕಾಯ್ದವನು, ಅವನದೂ ಮಂಡಿಯದೇ ಕಥೆ. ಗಂಗಕ್ಕ ನೇರ ಅವನ ಮುಂದೆ ನಿಂತಳು.

"ತಿಮ್ಮರಾಯಣ್ಣ, ನಾಯಿಗೆ ಗುಳಿಗೆ ಕೊಟ್ಯಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಯಲ್ಲ ತಿಮ್ಮರಾಯಪ್ಪ. ಅವನಿಗೆ ಅದು ಕಳ್ಳತನ ಎಂದು ಅನ್ನಿಸಿದ್ದರಲ್ಲವೇ?

"ಕೊಟ್ಟೆ ಕಣಕ್ಕ. ಈ ವಾರ ಮಾತ್ರ ಕೊಟ್ಟಿಲ್ಲ, ನೀನು ಬಂದು ಕುಂತ್ಯಲ್ಲ. ಡಾಕ್ಟ್ರಮ್ಮಂಗೆ ಹೇಳ್ಬಿಡ್ತೀಯ ಅಂತ."

"ಯಾಕೆ ಕೊಟ್ಟೆ?"

"ಇದೇನಕ್ಕ ಹಿಂಗೆ ಕೇಳ್ತೀಯ! ನಮ್ದು ಮೈಲಾರಲಿಂಗನ ಒಕ್ಕಲು, ನಿಮ್ದೂ ಅದೇ. ನಾಯಿ ಅಂದ್ರೆ ಆ ದ್ಯಾವ್ರ ಬೆನ್ನಿಗೆ ಬಂದಿದ್ದು. ನಾವು ಉಣ್ಣೋದ್ರಾಗೆ ಅದಕ್ಕೆ ಮೊದಲ ತುತ್ತು ಹಾಕ್ದೆ ಎಂದಾದ್ರೂ ಉಂಡೀವಾ? ಅನ್ನ ಉಂಡ್ರೆ ಅನ್ನ, ಔಷಧಿ ಉಂಡ್ರೆ ಔಷಧಿ. ಅದಕ್ಕೆ ಕೊಟ್ಟು ನಾವು ನುಂಗಿದ್ರೆ ಮೈಗೆ ಹತ್ತೈತೆ. ನನ್ನ ಮಂಡಿ ನೋಡು, ಹೆಂಗೆ ಮಡಿಸ್ತೀನಿ!" ಎಂದು ಕಾಲು ಮಡಿಸಿಯೂ ತೋರಿಸಿದ.

ಗಂಗಕ್ಕನಿಗೆ ಗೊತ್ತಿಲ್ಲದ ಪದ್ಧತಿಯಲ್ಲ ಅದು. ಬಯಲಲ್ಲಿ ಆದಿತ್ಯವಾರ ಅವಳೂ ಮೈಲಾರಲಿಂಗನ ಹೆಸರು ಹೇಳಿ ಮೊದಲ ತುತ್ತು ನಾಯಿಗೆ ಎಸೆದೇ ಉಂಡವಳು. "ಹಿರೇರು ಉಣ್ಣೋದು ಕೊಡು ಅಂದ್ರು, ಗುಳಿಗೆ ಕೊಡು ಅಂದ್ರಾ? ನಿನ್ನ ಮಂಡಿ ನೋವಿನ ಗುಳಿಗೆ ಆ ಗೇಣುದ್ದದ ಪ್ರಾಣಿ ಹೊಟ್ಟೆ ತಡೀತೈತಾ? ಯಾರು ಹೇಳಿದ್ದು ನಿಂಗೆ?"

"ಯಾರು ಹೇಳ್ತಾರೆ? ನಿಮ್ಮ ಮುದ್ದಣ್ಣನೇ ಮೊದಲು ಮಾಡಿದ್ದು. ಅವನಿಗೆ ಗುಣ ಆತು ಅಂದ, ನಾವೂ ಹಿಡ್ಕಂಡ್ವಿ."

ಪರದೆಯ ಬಳೆಗಳು ಸದ್ದು ಮಾಡಿದವು. ಕಾವ್ಯಶ್ರೀ ಅಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಕೈಯಲ್ಲಿದ್ದ ವೈರು ನೆಲ ಮುಟ್ಟುತ್ತಿತ್ತು. ಅವಳು ಬಗ್ಗಿ ಬುಟ್ಟಿಯನ್ನು ಎತ್ತಿಕೊಂಡು, ಅದನ್ನು ಯಾವ ಕೋಣೆಗೆ ಒಯ್ಯಬೇಕೆಂದು ತಿಳಿಯದೆ ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ತಂದು ಗಂಗಕ್ಕನ ಕೈಯಲ್ಲಿಟ್ಟಳು.

"ಒಳಗೆ ಇಟ್ಕೊಳ್ಳಿ ಅತ್ತೆ," ಎಂದಳು. ಅವಳ ಕಣ್ಣು ಕೆಂಪಾಗಿದ್ದವು.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಕುಳಿತರು. ಯೋಗೇಶ್ ಅಂಗಡಿಯಿಂದ ಓಡಿ ಬಂದಿದ್ದ. ಯಾರೂ ಅನ್ನಕ್ಕೆ ಕೈ ಹಾಕಲಿಲ್ಲ.

"ನಿಜನೇನಪ್ಪ?" ಎಂದ ಯೋಗೇಶ್.

ಮುದ್ದಣ್ಣ ತಟ್ಟೆ ನೋಡುತ್ತಿದ್ದ. "ನಂಗೇನು ಗೊತ್ತಿತ್ತು, ಅದು ನಾಯಿಗೆ ಆಗಲ್ಲ ಅಂತ. ಒಳ್ಳೇದಾಗ್ಲಿ ಅಂತ ಕೊಟ್ಟಿದ್ದು."

"ತಪ್ಪಾಯ್ತು ಅತ್ತೆ," ಎಂದಳು ಕಾವ್ಯಶ್ರೀ. "ನನ್ನ ಕಣ್ಣೆದುರೇ ನಡೀತಿತ್ತು. ನಾನು ನಿಮ್ಮ ಕೈ ನೋಡ್ತಾ ಕೂತೆ." ಗಂಗಕ್ಕ ಅವಳ ಕಡೆ ಕೈಯಾಡಿಸಿ, ಸಾಕು ಬಿಡು ಎನ್ನುವಂತೆ ಸನ್ನೆ ಮಾಡಿದಳು. ಅವಳ ಕಣ್ಣು ಗಂಡನ ಮೇಲಿತ್ತು.

"ಮೊದಲ ಸಲ ಗೊತ್ತಿರ್ಲಿಲ್ಲ, ಒಪ್ಪಿದೆ. ಏನೋ ತಿಂದೈತೆ ಅಂತ ಡಾಕ್ಟ್ರು ಹೇಳಿದ್ಮ್ಯಾಲೆ?"

"ಆಗ ಅನುಮಾನ ಬಂತು. ನಾನು ಕೊಡೋದು ನಿಲ್ಸ್ದೆ."

"ಅವರಿಗೆ ಹೇಳ್ದ್ಯಾ, ಕೊಡಬ್ಯಾಡ್ರಿ ಅಂತ?"

"ಹೆಂಗೆ ಹೇಳ್ಲಿ? ಸೊಸೆ ಕಿವಿಗೆ ಬೀಳ್ತಿತ್ತು."

"ನಂಗೆ ಹೇಳ್ಬೋದಿತ್ತಲ್ಲ. ಒಂದೇ ಹಾಸಿಗೆ ಮ್ಯಾಲೆ ಮಲಗ್ತೀವಿ."

ಮುದ್ದಣ್ಣ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ, ಸಮಾಧಾನ ಹೇಳುವವನ ಹಾಗೆ, ಮೆಲ್ಲಗೆ ಹೇಳಿದ.

"ಅಷ್ಟೊತ್ತಿಗೆ ಎಲ್ಲಾರೂ ನೀನೇ ಅಂತ ಅಂದ್ಕಂಡಿದ್ರಲ್ಲ. ನಾನೂ ಯಾಕೆ ಕೆಟ್ಟೋನಾಗ್ಲಿ ಅಂತ."

ಯೋಗೇಶ್ "ಅಪ್ಪಾ!" ಎಂದು ಕೂಗಿದ. ಗಂಗಕ್ಕ ಕೂಗಲಿಲ್ಲ. ಸಾರಿನ ಪಾತ್ರೆ ಎತ್ತಿ ಮಗನಿಗೆ ಬಡಿಸಿದಳು, ಸೊಸೆಗೆ ಬಡಿಸಿದಳು, ತನ್ನ ತಟ್ಟೆಗೂ ಹಾಕಿಕೊಂಡಳು. ಪಾತ್ರೆಯನ್ನು ಗಂಡನ ಕೈಗೆ ನಿಲುಕುವ ಹಾಗೆ ನಡುವೆ ಇಟ್ಟು ಊಟಕ್ಕೆ ಕುಳಿತಳು.

ಸಂಜೆ ಬೃಂದಾ ಬಂದು ಅಜ್ಜಿಯ ಬೆನ್ನಿಗೆ ಮುಖ ಒತ್ತಿಕೊಂಡು ಅತ್ತಳು. ಯೋಗೇಶ್ ಬ್ಯಾಗಿನಿಂದ ಸೀರೆ ತೆಗೆದು ಮತ್ತೆ ಬೀರುವಿಗೆ ಇಡಲು ಹೋದ.

"ಮುಟ್ಟಬ್ಯಾಡ," ಎಂದಳು ಗಂಗಕ್ಕ. "ನಾಳೆ ಹೋಗ್ತೀನಿ."

"ಯಾಕವ್ವ? ಎಲ್ಲಾ ಮುಗೀತಲ್ಲ!"

"ನಿಮ್ದು ಮುಗೀತು. ನಾಯಿ ಉಳೀತು, ಅದೂ ಒಳ್ಳೇದೇ ಆತು."

ಗುರುವಾರ ಬೆಳಿಗ್ಗೆ ಮುದ್ದಣ್ಣ ಹೇಳಿದ ಮಾತಿನಂತೆ ಬ್ಯಾಗು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. ಒಗೆದ ಪಂಚೆ, ಹೆಗಲ ಮೇಲೆ ಟವೆಲು. ಗಂಗಕ್ಕ ಅವನ ಕೈಯಿಂದ ಬ್ಯಾಗು ಬಿಡಿಸಿಕೊಂಡು ಸೊಸೆಗೆ ಕೊಟ್ಟಳು. "ನಡಿಯಮ್ಮ, ಹೋಗಾಣ. ಹೊತ್ತಾತು."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕಾವ್ಯಶ್ರೀ ಬ್ಯಾಗನ್ನು ಮೇಲಿಟ್ಟು ಇಳಿದು, ಕಿಟಕಿಯ ಕೆಳಗೆ ಬಂದು ನಿಂತಳು.

"ಯಾವಾಗ ಬರ್ತೀರಿ ಅತ್ತೆ? ನಾನೇ ಬಂದು ಕರ್ಕೊಂಡು ಬರ್ತೀನಿ, ದಿನ ಹೇಳಿ."

"ನೀನು ಬರಬ್ಯಾಡ. ನೀನು ಕೇಳ್ದೆ, ನಾನು ಬೈದೆ, ನಮ್ದು ಅಲ್ಲಿಗಾತು. ನಿಮ್ಮಾವ ಬರ್ಲಿ. ಬ್ಯಾಗು ಹೊರಾಕಲ್ಲ. ಬಂದು, ನಮ್ಮಣ್ಣನ ಮುಂದೆ, ಅತ್ತಿಗೆ ಮುಂದೆ ಕುಂತು, ಏನು ನಡೀತು ಅಂತ ಬಾಯಿ ಬಿಟ್ಟು ಹೇಳ್ಲಿ. ಆಮ್ಯಾಲೆ ಬರ್ತೀನಿ."

ಕಂಡಕ್ಟರ್ ಸೀಟಿ ಊದಿದ. ಕಾವ್ಯಶ್ರೀ ಕಿಟಕಿಯ ಸರಳು ಹಿಡಿದುಕೊಂಡೇ ಎರಡು ಹೆಜ್ಜೆ ನಡೆದಳು.

"ಮಾವ ಬರದೇ ಹೋದ್ರೆ?"

ಗಂಗಕ್ಕ ಸೆರಗು ತಲೆಯ ಮೇಲೆ ಎಳೆದುಕೊಂಡಳು.

"ಬರದಿದ್ರೆ, ಅದೂ ಗೊತ್ತಾಗ್ಲಿ ನಂಗೆ," ಎಂದಳು.